ನಾಲ್ಕು ಮೂಲೆಗೆ ಅರಿಶಿನ

ಈಗ ನಮ್ಮ ಮನೆಗೆ ದಿನ ಬಿಟ್ಟು ದಿನ ಒಂದಲ್ಲ ಒಂದು ಪೆಟ್ಟಿಗೆ ಬರುತ್ತದೆ. ಮಗಳ ಚಪ್ಪಲಿ, ಇವರ ಮೊಬೈಲಿನ ಚಾರ್ಜರು, ತರಿಸಿದ್ದು ಯಾರೆಂದು ಯಾರಿಗೂ ನೆನಪಿಲ್ಲದ ಒಂದು ಬಾಚಣಿಗೆ. ಮಗಳು ಸ್ಕೂಟರಿನ ಕೀ ತೆಗೆದು ಪೆಟ್ಟಿಗೆಯ ಹೊಟ್ಟೆಗೆ ಚುಚ್ಚಿ ಒಂದೇ ಎಳೆತಕ್ಕೆ ಸೀಳಿಬಿಡುತ್ತಾಳೆ. ನನ್ನ ಕೈಗೆ ಸಿಕ್ಕಿದರೆ ಮಾತ್ರ ಪೆಟ್ಟಿಗೆಗೆ ಆ ಗತಿ ಇಲ್ಲ. ನಾನು ಕನ್ನಡಕ ಏರಿಸಿ, ಮೊದಲು ಅದರ ನಾಲ್ಕು ಮೂಲೆ ನೋಡಿ, ತಿರುಗಿಸಿ ತಳವನ್ನೂ ನೋಡಿ, ಆಮೇಲೆ ಕಂದು ಟೇಪಿನ ಮೇಲೆ ಉಗುರಾಡಿಸುತ್ತ ಅದರ ತುದಿ ಹುಡುಕಲು ಕೂರುತ್ತೇನೆ.

"ಅಮ್ಮಾ, ಅದರೊಳಗಿರೋದು ಬರೀ ಫಿನಾಯಿಲು. ಅದಕ್ಕೆ ಇಷ್ಟೊಂದು ಮರ್ಯಾದೆನಾ?" ಎನ್ನುತ್ತಾಳೆ ಮಗಳು.

ಮರ್ಯಾದೆ ಫಿನಾಯಿಲಿಗಲ್ಲ. ಆದರೆ ಅದನ್ನು ಅವಳಿಗೆ ವಿವರಿಸಲು ಹೊರಟರೆ ಬಿಸಿಬಿಸಿ ಕಾಫಿ ಆರಿಹೋಗುವಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಕೂರುವ ವಯಸ್ಸು ಅವಳದಲ್ಲ. ನೀವಾದರೆ ಕೂತಿದ್ದೀರಿ, ಹೇಳುತ್ತೇನೆ.

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಅಶ್ವಿನಿ ಬಂದಿದ್ದಳು. ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಅವಳದು ಒಳ್ಳೆಯ ಕೈ. ಅದನ್ನೇ ಆನ್‌ಲೈನಿನಲ್ಲಿ ಶುರು ಮಾಡಬೇಕಂತೆ. "ಆಂಟಿ, ನೀವು ಆ ಕಾಲದಲ್ಲೇ ಮಾಡಿದ್ರಂತಲ್ಲ. ಮುಖ್ಯವಾಗಿ ಏನೇನು ಇಟ್ಕೊಂಡಿರ್ಬೇಕು ಹೇಳಿ" ಎಂದು ಮೊಬೈಲಿನಲ್ಲಿ ಬರೆದುಕೊಳ್ಳಲು ಬೆರಳು ಎತ್ತಿ ಸಿದ್ಧಳಾಗಿ ಕೂತಳು. ನನ್ನನ್ನು ಯಾರಾದರೂ ಹೀಗೆ ಸಲಹೆ ಕೇಳಿ ಎಷ್ಟೋ ಕಾಲವಾಗಿತ್ತು. ನಾನು ಸ್ವಲ್ಪ ಉಬ್ಬಿ, ಗಂಟಲು ಸರಿಮಾಡಿಕೊಂಡು, "ಮೊದಲನೇದು, ನೀರು ಬಿದ್ರೆ ಅಳಿಸದೇ ಇರೋ ಪೆನ್ನು" ಎಂದೆ. ಅವಳು ಬರೆದುಕೊಳ್ಳಲಿಲ್ಲ. ನಯವಾಗಿ ನಕ್ಕು, ಕೊಬ್ಬರಿ ಮಿಠಾಯಿ ತಿಂದು ಹೋದಳು.

ಆಗ ನಾವಿದ್ದದ್ದು ಚಾಮರಾಜಪೇಟೆಯಲ್ಲಿ. ಇಂಟರ್ನೆಟ್ಟು ಎಂಬುದು ಆಗಿನ್ನೂ ಫೋನಿನ ತಂತಿಯೊಳಗಿಂದ ಅಳುತ್ತ ಬರುತ್ತಿದ್ದ ಕಾಲ. ನನ್ನ ಮೈದುನ ಗೋಪಿ ಗಾಂಧಿಬಜಾರಿನ ಹತ್ತಿರ ಯಾವುದೋ ಮಹಡಿಯ ಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಹೋಗುತ್ತಿದ್ದ. ಕೋರ್ಸು ಮುಗಿಸಲು ಯಾರದಾದರೂ ವ್ಯಾಪಾರಕ್ಕೆ ಒಂದು ವೆಬ್‌ಸೈಟ್ ಮಾಡಿ ತೋರಿಸಬೇಕಿತ್ತು. ತೊಂದರೆ ಏನೆಂದರೆ ನಮ್ಮ ಪೈಕಿ ವ್ಯಾಪಾರ ಮಾಡಿದವರೇ ಇರಲಿಲ್ಲ. ಎಲ್ಲ ಮೇಷ್ಟ್ರುಗಳು, ಗುಮಾಸ್ತರು. ಹಳೇ ಪೇಪರ್ ಮಾರುವಾಗಲೂ ತಕ್ಕಡಿಯವನನ್ನು ಕೂರಿಸಿ ಕಾಫಿ ಕೊಟ್ಟು, ಅವನು ತೂಗಿದ್ದೇ ತೂಕ ಎನ್ನುವ ಮನೆತನ ನಮ್ಮದು. ಎರಡು ದಿನ ತಲೆ ಕೆರೆದುಕೊಂಡ ಗೋಪಿಯ ಕಣ್ಣು ಕೊನೆಗೆ ನಡುಮನೆಯಲ್ಲಿ ಕೂತು ಹತ್ತಿ ಹಿಂಜುತ್ತಿದ್ದ ಅವನ ಅಮ್ಮನ ಮೇಲೆ, ಅಂದರೆ ನನ್ನ ಅತ್ತೆಯ ಮೇಲೆ ಬಿತ್ತು.

ಅತ್ತೆ ಗೆಜ್ಜೆವಸ್ತ್ರ ಮಾಡುತ್ತಿದ್ದರು. ಹತ್ತಿಯ ಬೀಜ ಬಿಡಿಸಿ, ಹಿಂಜಿ, ಬೆರಳಿಗೆ ಹಾಲು ಮುಟ್ಟಿಸಿಕೊಂಡು ಅಲ್ಲಲ್ಲಿ ಹೊಸೆದು, ಹೊಸೆದ ಕಡೆ ಕುಂಕುಮ ಹಚ್ಚಿದರೆ ನಡುನಡುವೆ ಹತ್ತಿ ಗುಂಡಗೆ ಉಬ್ಬಿ ನಿಲ್ಲುತ್ತದೆ. ದೇವರಿಗೆ ಬಟ್ಟೆಯೆಂದು ಏರಿಸುವ ಮಾಲೆ ಅದು. ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತೇನೆ. ನಾನು ಮಾಡಿದ್ದು ಆಸ್ಪತ್ರೆಯಿಂದ ಬಂದ ಹಾಗಿರುತ್ತದೆ. ಅತ್ತೆ ಮಾಡಿದ್ದನ್ನು ಗೌರಿಯ ಕೊರಳಿಗೆ ಹಾಕಿದರೆ ಮಲ್ಲಿಗೆ ಯಾವುದು, ವಸ್ತ್ರ ಯಾವುದು ಎಂದು ಒಂದು ಕ್ಷಣ ಹತ್ತಿರ ಹೋಗಿ ನೋಡಬೇಕು. ನಮ್ಮ ಬೀದಿಯ ಅರ್ಧ ಗೌರಿಯರು ಅತ್ತೆಯ ಕೈಯದ್ದನ್ನೇ ಉಡುತ್ತಿದ್ದರು. ಯಾರೂ ಕಾಸು ಕೊಡುತ್ತಿರಲಿಲ್ಲ, ಇವರು ಕೇಳುತ್ತಲೂ ಇರಲಿಲ್ಲ. ಹಬ್ಬ ಕಳೆದ ಮೇಲೆ ಕಡುಬೋ ಚಕ್ಕುಲಿಯೋ ಡಬ್ಬಿಯಲ್ಲಿ ಬರುತ್ತಿತ್ತು.

"ಅಮ್ಮ, ಇದನ್ನ ಇಂಟರ್ನೆಟ್ನಲ್ಲಿ ಹಾಕ್ತೀನಿ" ಎಂದ ಗೋಪಿ.

"ಹಾಕಿದ್ರೆ ಏನಾಗತ್ತೆ?"

"ಪ್ರಪಂಚದಲ್ಲಿರೋರೆಲ್ಲ ನೋಡ್ತಾರೆ."

"ಅಷ್ಟು ಜನ ನೋಡಿದ್ರೆ ದೃಷ್ಟಿ ಆಗಲ್ವೇನೋ?"

"ನೋಡ್ಲಿ ಅಂತಾನೇ ಹಾಕೋದಮ್ಮ!"

ಕೊನೆಗೆ ರಾಜಿಯಾಯಿತು. ವೆಬ್‌ಸೈಟಿನ ಬಲಮೂಲೆಯಲ್ಲಿ ಗೋಪಿ ಒಂದು ಕಪ್ಪು ಬೊಟ್ಟು ಇಟ್ಟ. ಜಯನಗರದ ಒಬ್ಬರು ನಮಗೆ ಬರೆದ ಮೊಟ್ಟಮೊದಲ ಇಮೇಲಿನಲ್ಲಿ ಇದ್ದದ್ದು ಇಷ್ಟೇ: "ನಿಮ್ಮ ಪುಟದ ಮೂಲೆಯಲ್ಲಿ ಏನೋ ಕಲೆ ಕಾಣುತ್ತಿದೆ, ನನ್ನ ಕಂಪ್ಯೂಟರ್ ಒರೆಸಿದರೂ ಹೋಗುತ್ತಿಲ್ಲ." ದೇವರ ಸಾಮಾನಿಗೆ ಬೆಲೆ ಕಟ್ಟಬಾರದು ಎಂದು ಅತ್ತೆ ಇನ್ನೊಂದು ತಕರಾರು ತೆಗೆದರು. ಅದಕ್ಕೆ ಗೋಪಿ, ಹತ್ತಿಗೆ ಬೆಲೆ, ಕೈಗೆ ಕಾಣಿಕೆ ಎಂದು ಏನೋ ಒಂದು ಹೇಳಿ ಒಪ್ಪಿಸಿದ. ಮಾತು ಮಾರುವ ಕಲೆ ನಮ್ಮ ವಂಶದಲ್ಲಿ ಅವನೊಬ್ಬನಿಗೆ ಬಂದಿತ್ತು.

ಬೇಕಾದ ಸಲಕರಣೆಗಳು ಎಂದು ಅವನು ದೊಡ್ಡ ಪಾಠವನ್ನೇ ಮಾಡಿದ್ದ. ಕಂಪ್ಯೂಟರು, ಮೋಡೆಮ್ಮು, ಪ್ರಿಂಟರು, ಡಿಜಿಟಲ್ ಕ್ಯಾಮೆರಾ, ಇನ್ನೂ ಏನೇನೋ. ಕಂಪ್ಯೂಟರು ಹಳೆಯದೊಂದು ಸಿಕ್ಕಿತು. ಕ್ಯಾಮೆರಾ ಅವನ ಸ್ನೇಹಿತನದು, ಒಂದು ಭಾನುವಾರದ ಮಟ್ಟಿಗೆ. ಅತ್ತೆಯ ಕೆಂಪು ರೇಷ್ಮೆ ಸೀರೆಯನ್ನು ಹಾಸಿ ಅದರ ಮೇಲೆ ಗೆಜ್ಜೆವಸ್ತ್ರ ಹರಡಿ ಫೋಟೋ ತೆಗೆದ. ಪ್ರಿಂಟರು ಬರಲೇ ಇಲ್ಲ. ಮೋಡೆಮ್ಮು ಬಂದ ದಿನ ಅದು ಕಿರುಚಿದ ಕಿರುಚಾಟಕ್ಕೆ ಅತ್ತೆ ಕೈಲಿದ್ದ ಹಾಲಿನ ಬಟ್ಟಲು ಬಿಟ್ಟರು. "ಪಾಪ, ಯಾಕೋ ಅದು ಹಾಗೆ ಅಳ್ತಿದೆ" ಎಂದು ಆಮೇಲೂ ಎಷ್ಟೋ ದಿನ ಕೇಳುತ್ತಿದ್ದರು. ಇಂಟರ್ನೆಟ್ಟು ಹಾಕಿದಷ್ಟು ಹೊತ್ತೂ ಫೋನು ಎಂಗೇಜ್. ಹನುಮಂತನಗರದಲ್ಲಿದ್ದ ಇವರ ಸೋದರಮಾವ ಒಂದು ಮಧ್ಯಾಹ್ನ ಬಸ್ಸು ಹತ್ತಿ ಬಂದೇಬಿಟ್ಟರು. ಬಾಗಿಲಲ್ಲಿ ನಿಂತು ಒಳಗೆ ಒಮ್ಮೆ ಇಣುಕಿ, ಎಲ್ಲರೂ ನೆಟ್ಟಗಿರುವುದನ್ನು ಕಂಡು, "ಬೆಳಿಗ್ಗೆಯಿಂದ ಎಂಗೇಜು ಬರ್ತಿತ್ತು, ಏನಾದ್ರೂ ಆಗೋಯ್ತೇನೋ ಅನ್ಕೊಂಡೆ" ಎಂದರು. ಸ್ವಲ್ಪ ನಿರಾಸೆಯಾದಂತೆಯೇ ಕಂಡಿತು.

ಗೋಪಿಯ ಪಾಠದಲ್ಲಿ ಇಲ್ಲದಿದ್ದ ಸಲಕರಣೆಗಳ ಜವಾಬ್ದಾರಿ ನನ್ನದು. ರಟ್ಟಿನ ಪೆಟ್ಟಿಗೆ, ಹಳೇ ಪೇಪರು, ಕತ್ತರಿ, ಟೇಪು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕಂದು ಟೇಪಿನ ಉರುಳೆಗಳನ್ನು ಬಳೆಗಳ ಹಾಗೆ ಕೈಗೆ ಏರಿಸಿಕೊಂಡು ಮಾರುವವನೊಬ್ಬನಿದ್ದ, ಅವನಿಂದ ತರುತ್ತಿದ್ದೆ. ಈ ಟೇಪಿನಷ್ಟು ಮೊಂಡು ಪದಾರ್ಥ ಇನ್ನೊಂದಿಲ್ಲ. ಕತ್ತರಿಸಿ ಒಂದು ಕ್ಷಣ ಬಿಟ್ಟರೆ ತುದಿ ಉರುಳೆಗೆ ಅಂಟಿ ಮಾಯ. ಉಗುರಿನಲ್ಲಿ ಕೆರೆದು ಕೆರೆದು ಹುಡುಕಬೇಕು. ಕತ್ತರಿಯಂತೂ ಬೇಕಾದಾಗ ಯಾವತ್ತೂ ಇರುತ್ತಿರಲಿಲ್ಲ. ಸಿಕ್ಕಾಗಲೂ ಅದನ್ನು ಬಾಯಿ ತೆರೆದು ಇಡುವಂತಿಲ್ಲ, ಮನೆಯಲ್ಲಿ ಜಗಳವಾಗುತ್ತದೆಂದು ಅತ್ತೆಯ ಕಟ್ಟಪ್ಪಣೆ. ಕತ್ತರಿ ಎಲ್ಲಿ ಎಂದು ನಾವು ದಿನವೂ ಆಡುತ್ತಿದ್ದ ಜಗಳ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಪೆಟ್ಟಿಗೆ ಕಟ್ಟುವುದರಲ್ಲಿಯೂ ಅತ್ತೆಯದು ಒಂದು ಕ್ರಮ. ಟೇಪು ಅಂಟಿಸಿ ಮುಗಿಸಿದ ಮೇಲೆ ಅದರ ತುದಿಯನ್ನು ಒಂದು ಚೂರು ಒಳಕ್ಕೆ ಮಡಚಬೇಕು. "ತಗೊಂಡೋರು ಬಿಚ್ಚೋಕೆ ಒದ್ದಾಡಬಾರದು ಶ್ಯಾಮಲಾ. ದೇವರ ವಸ್ತ್ರ ಇರೋ ಪೆಟ್ಟಿಗೆಗೆ ಚಾಕು ಕತ್ತರಿ ತಾಗಿಸಬಾರದು." ನಾನು ಮರೆತರೆ ಅವರೇ ಬಂದು, ಮುಚ್ಚಿದ ಟೇಪನ್ನು ಎಬ್ಬಿಸಿ, ಮಡಚಿ ಹೋಗುತ್ತಿದ್ದರು.

ವಿಳಾಸ ಬರೆಯುವುದು ನನ್ನ ಪಾಲಿನ ಹೆಮ್ಮೆ. ಚಿಕ್ಕವಳಿದ್ದಾಗ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಪಾರ್ಸೆಲ್ ಎಂದರೆ ಅಪ್ಪ ಬಿಳಿಬಟ್ಟೆಯಲ್ಲಿ ಸುತ್ತಿ, ಗೋಣಿ ಸೂಜಿಯಲ್ಲಿ ಹೊಲಿದು, ಮೇಣದಬತ್ತಿಗೆ ಅರಗು ಹಿಡಿದು ತೊಟ್ಟಿಕ್ಕಿಸಿ ಮುದ್ರೆ ಒತ್ತುತ್ತಿದ್ದ ಒಂದು ಸಮಾರಂಭ. ಅರಗಿನ ವಾಸನೆಗೆ ನಾವು ಮಕ್ಕಳು ಸುತ್ತ ಕೂರುತ್ತಿದ್ದೆವು. ಅಪ್ಪ ನೇರಳೆ ಪೆನ್ಸಿಲನ್ನು ನಾಲಗೆಗೆ ಮುಟ್ಟಿಸಿ ಮುಟ್ಟಿಸಿ ಬಟ್ಟೆಯ ಮೇಲೆ ವಿಳಾಸ ಬರೆಯುವರು. ಬರೆದು ಮುಗಿಯುವಷ್ಟರಲ್ಲಿ ಅವರ ನಾಲಗೆ ನೇರಳೆ ಹಣ್ಣು ತಿಂದಂತಾಗಿರುತ್ತಿತ್ತು, ಅಮ್ಮ ಬೈಯುತ್ತಿದ್ದಳು. ಆ ಬರಹ ಮಳೆಗೂ ಅಳಿಸುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಬುದ್ಧಿಯಲ್ಲಿ ನಾನು ಇದೊಂದನ್ನು ಕಲಿಯಬಹುದಿತ್ತು. ಆದರೆ ನನಗೆ ಶಾಲೆಯಲ್ಲಿ ದುಂಡಕ್ಷರಕ್ಕೆ ಬಹುಮಾನವಾಗಿ ಒಂದು ಇಂಕ್ ಪೆನ್ನು ಬಂದಿತ್ತಲ್ಲ! ಬಾಲ್ ಪೆನ್ನಿನಲ್ಲಿ ಬರೆದರೆ ನನ್ನ ಅಕ್ಷರಕ್ಕೆ ಅವಮಾನ ಎಂದು ತಿಳಿದಿದ್ದೆ. ಪ್ರತಿ ಪೆಟ್ಟಿಗೆಗೂ ಬಿಳಿ ಕಾಗದ ಅಂಟಿಸಿ, ನೀಲಿ ಇಂಕಿನಲ್ಲಿ, ಸುಳಿ ಗಿಳಿ ಎಲ್ಲ ಹಾಕಿ ವಿಳಾಸ ಬರೆಯುವ ಕನಸು ನನ್ನದು.

ಕನಸೇ ಸರಿ. ಯಾಕೆಂದರೆ ಮೊದಮೊದಲು ಬಂದ ಬೇಡಿಕೆಗಳೆಲ್ಲ ಜಯನಗರ, ರಾಜಾಜಿನಗರದಂಥ ಕಡೆಗಳವು. ಗೋಪಿಯೇ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದ. ಇದನ್ನೇ ಎದುರುಮನೆಯವರ ಮೂಲಕ ಹೇಳಿಕಳಿಸಿದ್ದರೂ ಆಗುತ್ತಿತ್ತಲ್ಲ, ಅದಕ್ಕೆ ಮೋಡೆಮ್ಮು ಯಾಕೆ ಅಳಬೇಕು ಎಂದು ಇವರು ಪೇಪರಿನಿಂದ ತಲೆ ಎತ್ತದೆಯೇ ಕೇಳುತ್ತಿದ್ದರು.

ಹೀಗಿರುವಾಗ, ಗೌರಿ ಹಬ್ಬಕ್ಕೆ ಇನ್ನೂ ಕೆಲವು ವಾರ ಇದೆ ಎನ್ನುವಾಗ, ನಾಗಪುರದಿಂದ ಒಂದು ಇಮೇಲು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ನಾನು ತಡವರಿಸುತ್ತ ಅತ್ತೆಗೆ ಓದಿ ಹೇಳಿದೆ. ಬರೆದವರ ಹೆಸರು ವಸುಧಾ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ನಾಗಪುರಕ್ಕೆ ಹೋದವರು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವರ ಅಮ್ಮ ಹದಿನಾರೆಳೆಯ ಗೆಜ್ಜೆವಸ್ತ್ರ ಮಾಡಿ ಪಾರ್ಸೆಲಿನಲ್ಲಿ ಕಳಿಸುತ್ತಿದ್ದರಂತೆ. ಅಮ್ಮ ತೀರಿಕೊಂಡ ಮೇಲೆ ಇವರು ಗೌರಿಯನ್ನೇ ಕೂರಿಸಿಲ್ಲ. ಮನಸ್ಸು ಬರಲಿಲ್ಲವಂತೆ. "ಈ ವರ್ಷ ಮಗಳು ಹಟ ಹಿಡಿದಿದ್ದಾಳೆ, ಕೂರಿಸೋಣ ಅಂತ. ಅಮ್ಮ ಮಾಡುತ್ತಿದ್ದಂಥದ್ದು ನಿಮ್ಮಲ್ಲಿ ಸಿಕ್ಕೀತೇ? ಸಿಕ್ಕಿದರೆ ಕೂರಿಸುತ್ತೇನೆ" ಎಂದು ಬರೆದಿದ್ದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬರಿ ಶ್ಯಾಮಲಾ. ಹಬ್ಬದ ಹಿಂದಿನ ದಿನದೊಳಗೆ ನಿಮ್ಮ ಕೈಲಿರತ್ತೆ ಅಂತ ಬರಿ."

"ಅಷ್ಟು ಖಂಡಿತವಾಗಿ ಹೇಳೋದು ಬೇಡ ಅತ್ತೆ, ದೂರದ ಊರು..."

"ಬರಿ ಅಂದ್ನಲ್ಲ. ಇದು ಅವಳಿಗೆ ಕೊಡ್ತಿರೋ ಮಾತಲ್ಲ, ಗೌರಿಗೆ ಕೊಡ್ತಿರೋದು."

ಬರೆದೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಾಗಪುರದ ಗೌರಿಯದೇ ಮಾತು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಕೂತರೆ ಊಟದ ಹೊತ್ತಿಗೆ ಏಳುವರು. ಗೌರಿಗೆ, ಗಣೇಶನಿಗೆ, ಕಳಶಕ್ಕೆ ಎಂದು ಬೇರೆ ಬೇರೆ. ಕಣ್ಣು ಮಂಜಾಗುತ್ತಿದ್ದದ್ದರಿಂದ ಬೆಳಕು ಬೀಳುವ ಕಿಟಕಿಯ ಜೊತೆಗೆ ಅವರೂ ಸರಿಯುತ್ತಿದ್ದರು. ಎಲ್ಲ ಮುಗಿದು, ಪದರ ಪದರವಾಗಿ ಜೋಡಿಸಿ, ಪೆಟ್ಟಿಗೆ ಮುಚ್ಚಿ, ಟೇಪಿನ ತುದಿ ಮಡಚಿ, ನಾನು ನನ್ನ ಇಂಕ್ ಪೆನ್ನಿನಲ್ಲಿ ನಾಗಪುರದ ವಿಳಾಸ ಬರೆದೆ. ಒಮ್ಮೆ ದೂರ ಹಿಡಿದು ನೋಡಿದೆ. ಬಹುಮಾನ ಕೊಟ್ಟ ಟೀಚರು ನೋಡಿದ್ದರೆ ಇನ್ನೊಂದು ಪೆನ್ನು ಕೊಡುತ್ತಿದ್ದರು. ಮಾರನೆಯ ಬೆಳಿಗ್ಗೆ ಅತ್ತೆ ಅದನ್ನು ದೇವರ ಮುಂದಿಟ್ಟು, ಬಟ್ಟೆ ಚೀಲಕ್ಕೆ ಹಾಕಿ ಇವರ ಕೈಗೆ ಕೊಟ್ಟರು. ರಸೀದಿಗೆಂದು ನಾನು ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಇವರು ಆಫೀಸಿಗೆ ಹೋಗುವ ದಾರಿಯಲ್ಲಿ ಪಾರ್ಸೆಲ್ ಆಫೀಸಿನಲ್ಲಿ ಚೀಲ ಸಮೇತ ಕೊಟ್ಟು ಹೋದರು. ಪ್ರಪಂಚದಲ್ಲಿ ಯಾವುದನ್ನೂ ಬಗ್ಗಿ ನೋಡುವ ಸ್ವಭಾವ ಇವರದಲ್ಲ.

ಎರಡು ದಿನ ಬಿಟ್ಟು ಹುಬ್ಬಳ್ಳಿಗೆ ಇನ್ನೊಂದು ಸಣ್ಣ ಪೆಟ್ಟಿಗೆ ಹೊರಡುವುದಿತ್ತು. ವಿಳಾಸ ಬರೆದು ದೇವರ ಮನೆಯಲ್ಲಿಟ್ಟು, ನಾನು ಹಾಲು ಉಕ್ಕುವುದನ್ನು ಕಾಯುತ್ತ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದು ಕೂತರು. ಲಗ್ನಪತ್ರಿಕೆಗೆ ಹಚ್ಚುತ್ತೇವಲ್ಲ, ಹಾಗೆಯೇ ವಿಳಾಸದ ಕಾಗದದ ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಿದರು. ನಡುವೆ ಕುಂಕುಮ ಇಟ್ಟರು. ಆಮೇಲೆ ಗಂಡನ ಮನೆಗೆ ಹೊರಟ ಮಗಳ ತಲೆ ಸವರುವ ಹಾಗೆ, ಅದೇ ಒದ್ದೆ ಕೈಯಲ್ಲಿ ಪೆಟ್ಟಿಗೆಯನ್ನು ಮೇಲಿಂದ ಕೆಳಗಿನವರೆಗೆ ಮೆಲ್ಲಗೆ ಸವರಿ, "ಸುಖವಾಗಿ ಹೋಗಿ ಬಾ" ಎಂದರು.

ನನ್ನ ಕಣ್ಣೆದುರೇ ಹುಬ್ಬಳ್ಳಿ ಕರಗಿಹೋಯಿತು. ನೀಲಿ ಇಂಕು ಅರಿಶಿನಕ್ಕೆ ಬೆರೆತು ಹಸಿರಾಗಿ, ಊರು, ಬೀದಿ, ಮನೆ ಎಲ್ಲ ಒಂದೇ ಕೆರೆಯಾಯಿತು. ಕೆಳಗೆ ಬರೆದಿದ್ದ ನಮ್ಮ ವಿಳಾಸವೂ ಅದರಲ್ಲೇ ಮುಳುಗಿತು.

"ಅತ್ತೆ! ನಾಗಪುರದ್ದಕ್ಕೂ ಹೀಗೇ ಮಾಡಿದ್ರಾ?"

"ಮಾಡದೆ ಕಳಿಸ್ತೀನೇನೆ? ಬರೀ ಮುಖದಲ್ಲಿ ಹೇಗೆ ಕಳಿಸೋದು?"

ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನು ಇಳಿಸುವ ಜ್ಞಾನವೂ ನನಗಿರಲಿಲ್ಲ. ನಾನು ಹೇಳಿದ್ದು ಅರ್ಥವಾದ ಮೇಲೆ ಅತ್ತೆ ತಮ್ಮ ಅಂಗೈಯನ್ನು ನೋಡಿಕೊಂಡರು. ಹಸಿರಾಗಿತ್ತು. "ಅಯ್ಯೋ ನನ್ನ ಕೈಯೇ!" ಎಂದರು. ಅಷ್ಟನ್ನೂ ಮತ್ತೆ ಮಾಡಲು ದಿನವಿರಲಿಲ್ಲ. ವಸುಧಾ ಅವರು ಆಗಲೇ ನೆಂಟರನ್ನೆಲ್ಲ ಕರೆದಾಯಿತು ಎಂದು ಬರೆದಿದ್ದರು. ಪಾರ್ಸೆಲ್ ಆಫೀಸಿನಲ್ಲಿ ವಿಚಾರಿಸಿದರೆ, ಇಲ್ಲಿಂದ ಹೋದದ್ದೆಲ್ಲ ಕಲಾಸಿಪಾಳ್ಯದ ಗೋಡೌನಿಗೆ ಹೋಗುತ್ತದೆ, ಅಲ್ಲೇ ಕೇಳಿ ಎಂದರು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ, ಅರಿಶಿನ ಕುಂಕುಮದ ಭರಣಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗುಡಿ, ನೆಂಟರ ಮನೆ, ಕಣ್ಣಿನ ಡಾಕ್ಟರು ಬಿಟ್ಟರೆ ಬೇರೆಲ್ಲಿಗೂ ಹೊರಡದ ಹೆಂಗಸು.

ಕಲಾಸಿಪಾಳ್ಯ ನಮ್ಮ ಮನೆಗೆ ಕೂಗಳತೆಯಲ್ಲೇ ಇದ್ದರೂ ಆಟೋದಲ್ಲಿ ಹೋದೆವು. ಲಾರಿಗಳು, ಈರುಳ್ಳಿ ಮೂಟೆಗಳು, ಕೈಗಾಡಿಗಳ ನಡುವೆ ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿದು, ಯಾರಿಗೂ ತಾಗದಂತೆ ಮೈ ಹಿಡಿ ಮಾಡಿಕೊಂಡು ನಡೆದರು. ಆಮೇಲೆ ಯಾವುದೋ ಮೂಟೆ ತಾಗಿಯೇ ತಾಗಿತು, ಅಲ್ಲಿಂದ ಮುಂದೆ ಆ ಚಿಂತೆ ಬಿಟ್ಟರು. ಗೋಡೌನಿನೊಳಗೆ ಪೆಟ್ಟಿಗೆಗಳು ಸೂರಿನವರೆಗೂ ಒಟ್ಟಿದ್ದವು. ಹೆಗಲಿಗೆ ಟವೆಲ್ಲು, ಕೊರಳಿಗೆ ದಾರದಲ್ಲಿ ದಪ್ಪ ಮಾರ್ಕರ್ ಪೆನ್ನು ತೂಗುಹಾಕಿಕೊಂಡಿದ್ದ ಮೇಸ್ತ್ರಿಯೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಚೀಟಿ ನಂಬರು ಹೇಳಿ" ಎಂದರು. ರಸೀದಿ ತೋರಿಸಿದೆ. ಅವರು ಒಳಗೆಲ್ಲ ಕೂಗಿ ಕೇಳಿದರು. ಪಾರ್ಸೆಲ್ ಆಫೀಸಿನವರು ಅಂಟಿಸಿದ್ದ ಆ ನಂಬರಿನ ಚೀಟಿ ಯಾವ ಪೆಟ್ಟಿಗೆಯ ಮೇಲೂ ಇರಲಿಲ್ಲ. ಅರಿಶಿನದ ಒದ್ದೆಗೆ ಅಂಟದೆ ಎಲ್ಲೋ ಉದುರಿರಬೇಕು.

"ಅಡ್ರೆಸ್ಸಾದ್ರೂ ಕಾಣತ್ತಾ?"

"ಇಲ್ಲ, ಅದು ಅಳಿಸಿಹೋಗಿದೆ."

"ನಂಬರೂ ಇಲ್ಲ, ಅಡ್ರೆಸ್ಸೂ ಇಲ್ಲ. ಇನ್ನೆಂಗ್ ಹುಡ್ಕೋದು ಮೇಡಂ? ಇಲ್ಲಿ ಎಲ್ಲಾನೂ ಪೆಟ್ಟಿಗೇನೇ."

ನನಗೆ ಅಳು ಬಂದಿತ್ತು. ಅತ್ತೆ ಮುಂದೆ ಬಂದು ಹೇಳಿದರು, "ನೋಡಪ್ಪ, ಅದರ ಮೂಲೆಗೆಲ್ಲ ಅರಿಶಿನ ಹಚ್ಚಿದೀನಿ. ನಡುವೆ ಕುಂಕುಮ ಇದೆ."

ಮೇಸ್ತ್ರಿಯ ಮುಖದ ಬಣ್ಣ ಬದಲಾಯಿತು. ಒಂದು ಹೆಜ್ಜೆ ಹಿಂದೆ ಸರಿದರು. "ಅದು... ನಿಮ್ದಾ?" ಎಂದು ಮೆಲ್ಲಗೆ ಕೇಳಿದರು.

ನಮ್ಮನ್ನು ಗೋಡೌನಿನ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆ ಮೂಲೆಯಲ್ಲಿ, ಬೇರೆ ಯಾವ ಪೆಟ್ಟಿಗೆಯ ಸೋಂಕೂ ಇಲ್ಲದಂತೆ, ಒಂದು ಮಣೆಯ ಮೇಲೆ ನಮ್ಮ ಪೆಟ್ಟಿಗೆ ಕೂತಿತ್ತು. ಅದರ ತಲೆಯ ಮೇಲೆ ಒಂದು ನಿಂಬೆಹಣ್ಣು. ಪಕ್ಕದಲ್ಲಿ ಅರ್ಧ ಉರಿದು ಆರಿದ ಊದುಬತ್ತಿ.

"ಯಾರೂ ಮುಟ್ಟಾಕೆ ಒಪ್ಲಿಲ್ಲ ಅಮ್ಮ" ಎಂದರು ಮೇಸ್ತ್ರಿ. "ಹೆಸ್ರಿಲ್ಲ, ಊರಿಲ್ಲ, ಕುಂಕುಮ ಐತೆ, ಎತ್ತಿದ್ರೆ ಹಗೂರಕೈತೆ. ಯಾರೋ ಮಾಟ ಮಾಡ್ಸಿ ಬಿಟ್ಟೋಗವ್ರೆ ಅಂದ್ಕೊಂಡ್ವಿ. ಇದು ಬಂದಾಗಿಂದ ನಂಗೆ ಸೊಂಟ ಬೇರೆ ಹಿಡ್ಕೊಂಡೈತೆ."

"ಮಾಟಾನಾ?" ಅತ್ತೆಯ ದನಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಗೌರಿಗೆ ಹೋಗ್ತಿರೋ ಗೆಜ್ಜೆವಸ್ತ್ರ ಕಣಪ್ಪ ಅದು! ಮಡೀಲಿ ಮಾಡಿರೋದು!"

ಮೇಸ್ತ್ರಿ ಚಪ್ಪಲಿ ಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡು ಪೆಟ್ಟಿಗೆಗೆ ಕೈ ಮುಗಿದರು. ತಮ್ಮ ಮನೆಯಲ್ಲೂ ಗೌರಿ ಕೂರಿಸುತ್ತಾರೆಂದೂ, ಹೆಂಡತಿಗೆ ಈ ಸುದ್ದಿ ಹೋಗುವುದು ಬೇಡವೆಂದೂ ಹೇಳಿದರು. ನಿಂಬೆಹಣ್ಣನ್ನು ಏನು ಮಾಡುವುದು ಎಂದು ಕೇಳಿದರು. ಅತ್ತೆ ಒತ್ತಿ ನೋಡಿ, "ಹಣ್ಣು ಚೆನ್ನಾಗಿದೆ, ಪಾನಕ ಮಾಡ್ಕೊಂಡು ಕುಡಿ. ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚು" ಎಂದರು.

ನನಗೆ ಹೋದ ಜೀವ ಬಂದಂತಾಗಿತ್ತು. ಅಳಿಸಿದ ಅರಿಶಿನವೇ ಉಳಿಸಿತ್ತು. ಬೇರೆ ಪೆಟ್ಟಿಗೆಯಾಗಿದ್ದರೆ ಯಾವ ರಾಶಿಗೆ ಬಿದ್ದು ಯಾವ ಊರು ಸೇರುತ್ತಿತ್ತೋ! ಇದನ್ನು ಎತ್ತಿ ಎಸೆಯುವ ಧೈರ್ಯ ಯಾರಿಗೂ ಇರಲಿಲ್ಲ. ಮೇಸ್ತ್ರಿ ಕೊರಳಿಂದ ತೆಗೆದು ಕೊಟ್ಟ ಮಾರ್ಕರಿನಲ್ಲಿ, ಮೂಟೆಗಳ ಮೇಲೆ ಬರೆಯುವಂಥ ದಡೂತಿ ಅಕ್ಷರಗಳಲ್ಲಿ, ಸುಳಿಯೂ ಇಲ್ಲ ಗಿಳಿಯೂ ಇಲ್ಲದೆ ನಾಲ್ಕು ಪಕ್ಕಕ್ಕೂ ವಿಳಾಸ ಬರೆದೆ. ಅದರ ಮೇಲೆ ಅಲ್ಲೇ ಕೇಳಿ ಪಡೆದ ಪಾರದರ್ಶಕ ಟೇಪು ಅಂಟಿಸಿದೆ. ಬರೆದು ತಲೆಯೆತ್ತಿದರೆ ಅತ್ತೆ ಭರಣಿಯ ಮುಚ್ಚಳ ತೆಗೆಯುತ್ತಿದ್ದಾರೆ.

"ಅತ್ತೆ!"

"ತಳಕ್ಕೆ ಹಚ್ತೀನಿ ಕಣೇ. ತಳದಲ್ಲಿ ಏನೂ ಬರ್ದಿಲ್ವಲ್ಲ."

ಮೇಸ್ತ್ರಿಯೇ ಪೆಟ್ಟಿಗೆಯನ್ನು ಮಗುವನ್ನು ಹಿಡಿದಂತೆ ಎತ್ತಿ ಹಿಡಿದರು, ಅತ್ತೆ ತಳದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಡ್ರೈವರಿನ ಪಕ್ಕದಲ್ಲೇ ಇಡಿಸಿ ಕಳಿಸುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟರು. ಹಾಗೆಯೇ ಮಾಡಿದರು ಕೂಡ.

ಆದರೂ ಹಬ್ಬ ಹತ್ತಿರವಾದಂತೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಗೋಡೌನಿನಿಂದ ಬಂದ ಮೇಲೆ ಅತ್ತೆ ಹತ್ತಿಯನ್ನು ಮುಟ್ಟಿರಲಿಲ್ಲ. ಅದು ಅಲ್ಲಿ ತಲುಪಿದ್ದು ಗೊತ್ತಾಗುವವರೆಗೂ ನಮ್ಮ ಗೌರಿಗೂ ವಸ್ತ್ರ ಮಾಡುವುದಿಲ್ಲವೆಂದು ಕೂತುಬಿಟ್ಟಿದ್ದರು. ಹಬ್ಬದ ಹಿಂದಿನ ದಿನ ಬಂತು. ಬೀದಿಯಲ್ಲೆಲ್ಲ ಒಬ್ಬಟ್ಟಿನ ಹೂರಣದ ವಾಸನೆ. ನಮ್ಮ ಮನೆಯ ಮಂಟಪಕ್ಕೆ ಬಾಳೆಕಂಬ ಕಟ್ಟಿದ್ದರೂ ಗೌರಿಗೆ ವಸ್ತ್ರವಿಲ್ಲ. ನಾನು ಬೆಳಗಿನಿಂದ ಕಂಪ್ಯೂಟರಿನ ಮುಂದೆಯೇ. ಮೋಡೆಮ್ಮು ಅಳುತ್ತದೆ, ಇಮೇಲು ತೆರೆಯುತ್ತೇನೆ, ಏನೂ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ, ಏನೂ ಇಲ್ಲ. ಅತ್ತೆ ಗೋಡೆಗೊರಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

ಮಾವಿನ ಸೊಪ್ಪು ತಂದ ಗೋಪಿ ಇದನ್ನು ನೋಡಿ ಹಣೆ ಚಚ್ಚಿಕೊಂಡ. "ಅತ್ತಿಗೆ, ಬೆಳಗಿಂದ ಲೈನ್ ಹಿಡ್ಕೊಂಡು ಕೂತಿದೀರಲ್ಲ, ಅವರು ಫೋನ್ ಮಾಡ್ತಿದ್ರೆ?"

ಇಡೀ ಚಾಮರಾಜಪೇಟೆಗೆ ಬುದ್ಧಿ ಹೇಳುವ ನನಗೆ ಅದು ಹೊಳೆದೇ ಇರಲಿಲ್ಲ. ಗೋಪಿ ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ. ಕೈ ತೆಗೆದನೋ ಇಲ್ಲವೋ, ಫೋನು ಬಡಿದುಕೊಂಡಿತು.

"ಹಲೋ, ನಾಗಪುರದಿಂದ ವಸುಧಾ ಅಂತ. ಎಷ್ಟು ಹೊತ್ತಿಂದ ಮಾಡ್ತಿದೀನಿ, ಬರೀ ಎಂಗೇಜು!"

"ಪೆಟ್ಟಿಗೆ..." ಎಂದೆ.

"ಬಂತು. ಬೆಳಿಗ್ಗೇನೇ ಬಂತು."

ನಾನು ಅತ್ತೆಯ ಕಡೆ ತಿರುಗಿ ತಲೆಯಾಡಿಸಿದೆ. ಅತ್ತೆ ಎರಡೂ ಕೈಯೆತ್ತಿ ದೇವರ ಮನೆಯ ಕಡೆ ಮುಗಿದರು. ಗೋಪಿ ಕಂಪ್ಯೂಟರಿಗೇ ಒಂದು ನಮಸ್ಕಾರ ಹಾಕಿದ. ನನಗೆ ಸುಮ್ಮಸುಮ್ಮನೆ ನಗು ಬಂತು. "ಎಲ್ಲಾ ಸರಿಯಾಗಿದ್ಯಾ? ಕುಂಕುಮ ಉದುರಿಲ್ಲ ತಾನೇ?" ಎಂದು ಕೇಳಿದೆ.

"ಇನ್ನೂ ಬಿಚ್ಚಿಲ್ಲ" ಎಂದರು ವಸುಧಾ.

"ಯಾಕೆ?"

"ಟೇಬಲ್ ಮೇಲೆ ಇಡೋವಾಗ ತಳ ನೋಡಿದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೀರಲ್ಲ... ನಮ್ಮಮ್ಮನೂ ಹಚ್ಚಿ ಕಳಿಸ್ತಿದ್ರು. ಅವರು ಹೋದ ಮೇಲೆ ಅರಿಶಿನ ಹಚ್ಚಿದ ಪೆಟ್ಟಿಗೆ ನಮ್ಮನೆಗೆ ಬಂದೇ ಇರ್ಲಿಲ್ಲ. ಬೆಳಗಿಂದ ಮುಂದೆ ಇಟ್ಕೊಂಡು ಕೂತಿದೀನಿ. ಬಿಚ್ಚೋಕೆ ಕೈನೇ ಬರ್ತಿಲ್ಲ."

ರಿಸೀವರನ್ನು ಅತ್ತೆಯ ಕೈಗೆ ಕೊಟ್ಟೆ. ಊರು ದೂರವಾದಷ್ಟೂ ಗಟ್ಟಿಯಾಗಿ ಕೂಗುವುದು ಫೋನಿನಲ್ಲಿ ಅತ್ತೆಯ ಪದ್ಧತಿ. ಅವತ್ತು ಮಾತ್ರ ಅವರು ಕೇಳಿಸಿಕೊಳ್ಳುತ್ತ ಹೋದರು, ಕೇಳಿಸಿಕೊಳ್ಳುತ್ತ ನೆಲದ ಮೇಲೆ ಕೂತರು. ಆಮೇಲೆ ಪಕ್ಕದಲ್ಲೇ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಮಾತಾಡಿದರು.

"ಹಬ್ಬದ ಹೊತ್ತಲ್ಲಿ ಅಳಬಾರದು ಕಣಮ್ಮ. ಚಾಕು, ಕತ್ತರಿ ಏನೂ ತರಬೇಡ. ಟೇಪಿನ ತುದಿ ಮಡಚಿಟ್ಟಿದೀನಿ, ಉಗುರಲ್ಲಿ ಹುಡುಕು, ಸಿಗತ್ತೆ. ನಿಧಾನ. ನಾನಿಲ್ಲೇ ಇರ್ತೀನಿ, ಫೋನ್ ಇಡಲ್ಲ."

ನಾನೂ ಗೋಪಿಯೂ ಅವರ ಎರಡು ಪಕ್ಕ ಕೂತು ರಿಸೀವರಿಗೆ ಕಿವಿ ಹಚ್ಚಿದೆವು. ಉಗುರು ಟೇಪಿನ ಮೇಲೆ ಕೆರೆದಾಡುವ ಸದ್ದು ಬಂತು. ಆಮೇಲೆ ನಾಗಪುರದಲ್ಲಿ ಟೇಪು ಪರ್‍ರೆಂದು ಎದ್ದು ಬಂದ ಸದ್ದು ಚಾಮರಾಜಪೇಟೆಗೆ ಕೇಳಿಸಿತು. ಅತ್ತೆ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, ಹತ್ತಿ ತೆಗೆದುಕೊಂಡು ಬಾ ಎಂದು ಸನ್ನೆ ಮಾಡಿದರು.